ಬಾಗಲಾ ಇಲ್ಲದವರ ನಿದ್ದಿ

ಪತ್ತೇದಾರಿ ಧಾರಾವಾಹಿ ನೋಡ್ಲಿಕ್ಕೆ ಕೂತ್ರ ನಮ್ಮ ಮಂದಿಗೆ ಕಡೀಕೆ ಕೊಲೆಗಾರ ಸಿಗಲೇಬೇಕು. ಸಿಗಲಿಲ್ಲಂದ್ರ ಉಂಡದ್ದು ಅರಗೂದಿಲ್ಲ. ಆದ್ರ ನಮ್ಮ ದೇಶದಾಗನ ಇನ್ನೂ ಸಿಗದ ಒಬ್ಬಾಂವ ಇದ್ದಾನ. ಪೇಪರಿನವರು ಅವಂಗ ಇಟ್ಟ ಹೆಸರು ‘ಸ್ಟೋನ್‌ಮ್ಯಾನ್’.

1989ರ ಜೂನ್ ತಿಂಗಳದಾಗ ಕಲಕತ್ತಾದಾಗ ಶುರು ಆತು. ಫುಟ್‌ಪಾತ್ ಮ್ಯಾಲ ಒಬ್ಬೊಬ್ಬರ ಮಲಗಿದವರ ತಲಿ ಮ್ಯಾಲ ದೊಡ್ಡ ಕಲ್ಲೋ, ಕಾಂಕ್ರೀಟ್ ತುಂಡೋ ಎತ್ತಿಹಾಕಿ ಕೊಲ್ಲೋದು. ಸುಮಾರು ಆರು ತಿಂಗಳದಾಗ 13 ಮಂದಿ ಸತ್ರು ಅಂತಾರ. ಅದಕ್ಕೂ ಮೊದಲ, 1985ರಿಂದ 1988ರ ತನಕ, ಮುಂಬೈದ ಸಾಯನ್, ಕಿಂಗ್ಸ್ ಸರ್ಕಲ್ ಕಡೆ ಹಿಂಗ ಹತ್ತು-ಹನ್ನೆರಡು ಮಂದಿ ಸತ್ತಿದ್ರು. ಅಲ್ಲಿ ಒಬ್ಬ ಹೋಟೆಲ್ ವೇಟರ್ ಬದುಕಿ ಉಳದ. ಕತ್ತಲಾಗ ಮಾರಿ ಮಾತ್ರ ಕಾಣಲಿಲ್ಲ. ಎರಡೂ ಊರಾಗ ಅವನ ಇದ್ನೋ, ಒಬ್ಬನ್ನ ನೋಡಿ ಇನ್ನೊಬ್ಬ ಕಲತನೋ, ಸಾಬೀತಾಗಲಿಲ್ಲ. ಕಲಕತ್ತಾದಾಗ ಪೊಲೀಸರು ರಾತ್ರಿ ಗಸ್ತು ತಿರಗಿದ್ರು, ಸಂಶಯ ಬಂದವರನ್ನ ಹಿಡದ್ರು, ಪುರಾವೆ ಇಲ್ಲಂತ ಬಿಟ್ರು. ಕೊಲೆ ತಾವ ನಿಂತುವು.

ಯಾಕ ಸಿಗಲಿಲ್ಲ ಅಂತ ವಿಚಾರ ಮಾಡಿದ್ರ ಎದಿ ಝಲ್ ಅಂತದ. ಯಾವ ಕೊಲಿ ತನಿಖೀನೂ ಶುರು ಆಗೋದು ಸತ್ತವರು ಯಾರು, ಯಾರ ಕೂಡ ಜಗಳಾ ಇತ್ತು, ಕಡೀಕೆ ಯಾರು ನೋಡಿದ್ರು ಅನ್ನೋದರಿಂದ. ಇಲ್ಲಿ ಸತ್ತ ಎಷ್ಟೋ ಮಂದೀದು ಹೆಸರ ಗೊತ್ತಾಗಲಿಲ್ಲ. ‘ನಮ್ಮಾಂವ ರಾತ್ರಿ ಮನಿಗೆ ಬರಲಿಲ್ಲ’ ಅಂತ ಠಾಣೆಗೆ ಓಡಿ ಬರವರು ಇರಲಿಲ್ಲ. ಮುಂಬೈದಾಗ ಐದಾರು ಕೊಲೆ ಆದ ಮ್ಯಾಲನ ಇವೆಲ್ಲಾ ಒಂದ ನಮೂನಿ ಅಂತ ಲಕ್ಷಕ್ಕ ಬಂತಂತ. ಹತ್ಯಾರಾನೂ ಅಷ್ಟ, ದಾರ್ಯಾಗ ಬಿದ್ದ ಕಲ್ಲು. ಅದನ್ನ ಯಾವ ಅಂಗಡ್ಯಾಗ ತೊಗೊಂಡಿ ಅಂತ ಯಾರನ್ನ ಕೇಳೋದು?

ಬ್ಯಾಸಿಗ್ಯಾಗ ನಾವೂ ಮಾಳಗಿ ಮ್ಯಾಲ ಚಾಪಿ ಹಾಸಿ ಚುಕ್ಕಿ ಎಣಿಸಿದವರ. ಮಳಿ ಹನಿ ಬಿದ್ರ ಹಾಸಿಗಿ ಸುತಗೊಂಡು ಕೆಳಗ ಓಡಿ ಬಂದು ಚಿಲಕಾ ಹಾಕ್ತಿದ್ವಿ. ಬಯಲಾಗ ಮಲಗೋದು ನಮಗ ಹೌಸು, ಅವರಿಗೆ ಅದ ಮನಿ.

ನಮ್ಮ ಓಣಿ ಗುಡಿ ಕಟ್ಟಿ ಮ್ಯಾಲ ಒಬ್ಬ ಮುದುಕ ಮಲಗ್ತಾನ. ಚಾ ಕೊಡೋ ನೆಪದಾಗ ನಮ್ಮವ್ವ ಅವನ ಹೆಸರು, ಊರು, ಮಗಳನ್ನ ಕೊಟ್ಟ ಹಳ್ಳಿ ಎಲ್ಲಾ ಕೇಳಿ ಕ್ಯಾಲೆಂಡರ್ ಹಿಂದ ಬರದಿಟ್ಟಾಳ. ಯಾಕವ್ವಾ ಅಂದ್ರ, ‘ಒಂದಿನಾ ಕಟ್ಟಿ ಮ್ಯಾಲ ಕಾಣಲಿಲ್ಲಂದ್ರ ಯಾರನ್ನ ಹುಡುಕಬೇಕು ಅನ್ನೋದರ ಗೊತ್ತಿರಬೇಕಲ್ಲ’ ಅಂದ್ಲು.