‘ಗಲ್ಲಾಪೆಟ್ಟಿಗೆಯ ವಿಷ’ ಅನ್ನಿಸಿಕೊಂಡವಳ ಊರಲ್ಲಿ...

‘‘ಅಮೆರಿಕಾಕ್ಕೆ ಹೋಗಿಬಂದೆ ಅಂತೀಯ, ಹಾಲಿವುಡ್ ನೋಡ್ಲಿಲ್ವಾ? ಹಾಗಾದ್ರೆ ಮತ್ತೇನ್ ನೋಡಿದ್ಯೋ?’’

ಊರಿಗೆ ವಾಪಸ್ಸು ಬಂದ ದಿನದಿಂದ ಗೆಳೆಯರದ್ದು ಇದೇ ಪ್ರಶ್ನೆ. ನಾನು ಮೊದಲು ನೋಡಿದ್ದು ಒಂದು ಸ್ಮಶಾನ ಅಂದರೆ ಬಿದ್ದು ಬಿದ್ದು ನಗ್ತಾರೆ. ನಗಲಿ. ಆದರೆ ಚಿತ್ರರಸಿಕ ಬಂಧುಗಳೇ, ನೀವು ನಗುವ ಮುಂಚೆ ಆ ಸ್ಮಶಾನದಲ್ಲಿ ಮಲಗಿರುವವಳು ಯಾರೆಂದು ಕೇಳಿ.

ಕ್ಯಾಥರೀನ್ ಹೆಪ್‌ಬರ್ನ್! ಹುಷಾರು, ‘ರೋಮನ್ ಹಾಲಿಡೇ’ಯ ಆಡ್ರೆ ಹೆಪ್‌ಬರ್ನ್ ಅಲ್ಲ. ಇವರಿಬ್ಬರಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಈಕೆ ‘ಆಫ್ರಿಕನ್ ಕ್ವೀನ್’ನ ಕ್ಯಾಥರೀನ್. ಹನ್ನೆರಡು ಸಲ ಆಸ್ಕರ್‌ಗೆ ಹೆಸರು ಸೂಚಿಸಲ್ಪಟ್ಟು, ನಾಲ್ಕು ಸಲ ಶ್ರೇಷ್ಠ ನಟಿ ಎನ್ನಿಸಿಕೊಂಡವಳು. ನಟನೆಗೆ ಇಷ್ಟು ಆಸ್ಕರ್ ಪಡೆದವರು ಗಂಡಸರಲ್ಲಿ, ಹೆಂಗಸರಲ್ಲಿ ಇನ್ನೊಬ್ಬರಿಲ್ಲ. ಇಂಥವಳನ್ನು ಒಂದು ಕಾಲದಲ್ಲಿ ಥಿಯೇಟರ್ ಮಾಲೀಕರೇ ಸೇರಿಕೊಂಡು ‘ಇವಳು ವಿಷ’ ಅಂತ ಪತ್ರಿಕೆಯಲ್ಲಿ ಹಾಕಿಸಿದ್ದರು ಅಂದರೆ ನಂಬುತ್ತೀರಾ?

ನಂಬಲೇಬೇಕು. ಆ ಕಥೆ ನಡೆದ ಜಾಗಗಳನ್ನು ಕಣ್ಣಾರೆ ಕಂಡು ಬಂದಿದ್ದೇನೆ.

ಅಣ್ಣನ ಹುಟ್ಟಿದ ದಿನ

ನನ್ನ ಅಕ್ಕ-ಭಾವ ಇರುವುದು ಕನೆಕ್ಟಿಕಟ್ ರಾಜ್ಯದ ರಾಜಧಾನಿ ಹಾರ್ಟ್‌ಫರ್ಡ್ ಹತ್ತಿರ. ಇನ್ಶೂರೆನ್ಸ್ ಕಂಪನಿಗಳ ಊರು ಅದು. ‘‘ಬಂದವರೆಲ್ಲ ನಯಾಗರ ತೋರಿಸಿ ಅಂತಾರೆ. ನೀನು ಸ್ಮಶಾನ ತೋರಿಸು ಅಂತೀಯಲ್ಲೋ ಮಾರಾಯ!’’ ಅಂತ ಬೈಯುತ್ತಲೇ ಭಾವ ಕಾರು ತೆಗೆದರು.

ಸೀಡರ್ ಹಿಲ್ ಸ್ಮಶಾನ ನಮ್ಮ ಲಾಲ್‌ಬಾಗ್ ಥರ ಇದೆ. ಮರಗಳು, ಹುಲ್ಲು, ಸದ್ದಿಲ್ಲದ ದಾರಿ. ಹೆಪ್‌ಬರ್ನ್ ಕುಟುಂಬದ ಜಾಗದಲ್ಲಿ ಆಡಂಬರವೇ ಇಲ್ಲ. ಇಷ್ಟು ದೊಡ್ಡ ತಾರೆಯ ಸಮಾಧಿ ಇದು ಅಂತ ಯಾರೂ ಹೇಳಲಾರರು.

ಕ್ಯಾಥರೀನ್ ಹುಟ್ಟಿದ್ದು ಇದೇ ಊರಲ್ಲಿ, 1907ರ ಮೇ 12ರಂದು. ತಂದೆ ಹೆಸರಾಂತ ಡಾಕ್ಟರು. ತಾಯಿ ಹೆಂಗಸರಿಗೂ ಓಟು ಬೇಕು ಅಂತ ಬೀದಿಗಿಳಿದು ಹೋರಾಡಿದವಳು. ಅನುಕೂಲಸ್ಥರ ಮನೆ. ಮರ ಹತ್ತುವುದು, ಈಜುವುದು, ಗಂಡುಹುಡುಗರ ಹಾಗೆ ಕೂದಲು ಕತ್ತರಿಸಿಕೊಳ್ಳುವುದು... ಯಾವುದಕ್ಕೂ ಮನೆಯಲ್ಲಿ ಬೇಡ ಅನ್ನುವವರಿಲ್ಲ.

ಅವಳಿಗೆ ಪ್ರಾಣವಾಗಿದ್ದವನು ಅಣ್ಣ ಟಾಮ್. 1921ರಲ್ಲಿ ಅಣ್ಣ-ತಂಗಿ ನ್ಯೂಯಾರ್ಕಿಗೆ ಹೋಗಿ ಪರಿಚಯದವರ ಮನೆಯಲ್ಲಿ ಉಳಿದಿದ್ದರು. ಒಂದು ಬೆಳಿಗ್ಗೆ ಟಾಮ್ ಎದ್ದು ಬರಲಿಲ್ಲ. ಮಹಡಿ ಹತ್ತಿ ಹೋದ ತಂಗಿಗೆ ಕಂಡದ್ದು ಅವನ ಶವ. ಅವನಿಗೆ ಹದಿನೈದು ವರ್ಷ, ಅವಳಿಗಿನ್ನೂ ಹದಿನಾಲ್ಕು ತುಂಬಿರಲಿಲ್ಲ.

ಅಲ್ಲಿಂದ ಮುಂದೆ ಯಾರೇ ಹುಟ್ಟಿದ ದಿನ ಕೇಳಿದರೂ ಆಕೆ ನವೆಂಬರ್ 8 ಅನ್ನುತ್ತಿದ್ದಳು. ಅದು ಟಾಮ್ ಹುಟ್ಟಿದ ದಿನ! ತಾರೆಯಾದ ಮೇಲೂ ಪತ್ರಿಕೆಗಳೆಲ್ಲ ಅದನ್ನೇ ಅಚ್ಚು ಹಾಕಿದವು. ತನ್ನ ನಿಜವಾದ ಜನ್ಮದಿನವನ್ನು ಆಕೆ ಬರೆದುಕೊಂಡದ್ದು 1991ರಲ್ಲಿ, ‘ಮಿ’ ಅನ್ನುವ ಆತ್ಮಕಥೆಯಲ್ಲಿ. ಅಷ್ಟು ವರ್ಷ ಆ ಗುಟ್ಟನ್ನು ಎದೆಯಲ್ಲಿಟ್ಟುಕೊಂಡೇ ನಟಿಸಿದಳು. ಆ ಟಾಮ್ ಕೂಡ ಇದೇ ಜಾಗದಲ್ಲಿ ಮಲಗಿದ್ದಾನೆ. ಇಲ್ಲಿಗೆ ಬರುವವರೆಗೂ ‘‘ಬೇಗ ನಡಿ’’ ಅನ್ನುತ್ತಿದ್ದ ಭಾವ ಇದನ್ನು ಕೇಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಏರಿದ್ದು, ಬಿದ್ದದ್ದು

ಅಲ್ಲಿಂದ ದಕ್ಷಿಣಕ್ಕೆ, ಸಮುದ್ರದ ಕಡೆ ಹೊರಟೆವು. ಕಾರಿನಲ್ಲಿ ಒಂದು ಗಂಟೆ ದಾರಿ. ಆ ಒಂದು ಗಂಟೆಯಲ್ಲಿ ಭಾವನಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳಿಬಿಡುತ್ತೇನೆ.

1928ರಲ್ಲಿ ಕಾಲೇಜು ಮುಗಿಸಿದ ಕ್ಯಾಥರೀನ್ ನೇರ ನಾಟಕಕ್ಕೆ ಬಂದಳು. ಒಂದು ಕಂಪನಿಯಲ್ಲಿ ಸೇರಿಸಿಕೊಂಡರು, ಇನ್ನೊಂದರಲ್ಲಿ ತೆಗೆದುಹಾಕಿದರು. ಗಂಟಲು ಕೀರಲು, ಮಾತು ತೀರ ಅವಸರ ಅನ್ನುವ ದೂರು. 1932ರಲ್ಲಿ ‘ದಿ ವಾರಿಯರ್ಸ್ ಹಸ್ಬೆಂಡ್’ ನಾಟಕ. ಹೆಗಲ ಮೇಲೆ ಸತ್ತ ಜಿಂಕೆ ಹೊತ್ತುಕೊಂಡು ಮೆಟ್ಟಿಲಿಳಿದು ರಂಗಕ್ಕೆ ಬಂದಳು ನೋಡಿ, ನ್ಯೂಯಾರ್ಕ್ ಕಣ್ಣರಳಿಸಿತು. ಹಾಲಿವುಡ್ಡಿನಿಂದ ಕರೆ ಬಂತು. ಅದೇ ವರ್ಷ ಮೊದಲ ಚಿತ್ರ. ಮರುವರ್ಷದ ‘ಮಾರ್ನಿಂಗ್ ಗ್ಲೋರಿ’ಗೆ ಆಸ್ಕರ್! ಪ್ಯಾಂಟು ತೊಟ್ಟು ಸ್ಟುಡಿಯೋಗೆ ಬರುತ್ತಾಳೆಂದು ಯಾರೋ ಆ ಪ್ಯಾಂಟನ್ನೇ ಬಚ್ಚಿಟ್ಟರಂತೆ. ಕೊಡುವವರೆಗೂ ಒಳಉಡುಪಿನಲ್ಲೇ ಸ್ಟುಡಿಯೋ ತುಂಬಾ ಓಡಾಡಿದಳಂತೆ ನಮ್ಮ ನಾಯಕಿ.

ಇಂಥ ಹೆಣ್ಣಿಗೆ ಮೊದಲ ಪೆಟ್ಟು ಬಿದ್ದದ್ದು ನಾಟಕದಲ್ಲೇ. 1933ರ ಡಿಸೆಂಬರಿನಲ್ಲಿ ‘ದಿ ಲೇಕ್’ ನಾಟಕ ಬ್ರಾಡ್‌ವೇಗೆ ಬಂತು. ಈಕೆಯ ಭಾವನೆಗಳೆಲ್ಲ ‘ಎ’ಯಿಂದ ಹೊರಟು ‘ಬಿ’ಯಲ್ಲೇ ಮುಗಿದವು ಅಂತ ಲೇಖಕಿ ಡೊರೊತಿ ಪಾರ್ಕರ್ ಚುಚ್ಚಿದಳೆನ್ನುವ ಮಾತು ಇವತ್ತಿಗೂ ಪ್ರಸಿದ್ಧ. 55 ಪ್ರದರ್ಶನಕ್ಕೇ ಪರದೆ ಬಿತ್ತು. ನಿರ್ಮಾಪಕ ಜೆಡ್ ಹ್ಯಾರಿಸ್ ಅದೇ ನಾಟಕವನ್ನು ಶಿಕಾಗೋಗೆ ಒಯ್ಯಬೇಕೆಂದ. ಈಕೆ ಬ್ಯಾಂಕಿನಲ್ಲಿದ್ದ ತನ್ನ ದುಡ್ಡು ಕೊಟ್ಟು ಬಿಡಿಸಿಕೊಂಡಳು. ನಟಿಸುವುದಕ್ಕೆ ದುಡ್ಡು ತೆಗೆದುಕೊಳ್ಳುವವರನ್ನು ಕಂಡಿದ್ದೇವೆ. ನಟಿಸದೆ ಇರುವುದಕ್ಕೆ ದುಡ್ಡು ಕೊಟ್ಟವಳು ಇವಳೇ!

ಆಮೇಲೆ ಸಿನಿಮಾಗಳೂ ಒಂದರ ಹಿಂದೆ ಒಂದು ನೆಲ ಕಚ್ಚಿದವು. ‘ಸಿಲ್ವಿಯಾ ಸ್ಕಾರ್ಲೆಟ್’, ‘ಮೇರಿ ಆಫ್ ಸ್ಕಾಟ್‌ಲೆಂಡ್’, ‘ಕ್ವಾಲಿಟಿ ಸ್ಟ್ರೀಟ್’... ಇವತ್ತು ಹಾಸ್ಯಚಿತ್ರಗಳ ಕಿರೀಟ ಎನ್ನಿಸಿಕೊಂಡ ‘ಬ್ರಿಂಗಿಂಗ್ ಅಪ್ ಬೇಬಿ’ ಕೂಡ 1938ರಲ್ಲಿ ನಷ್ಟದ ಬಾಬತ್ತೇ. ಅದೇ ವರ್ಷ ಮೇ ತಿಂಗಳಲ್ಲಿ ಸ್ವತಂತ್ರ ಥಿಯೇಟರ್ ಮಾಲೀಕರ ಸಂಘದವರು ವ್ಯಾಪಾರದ ಪತ್ರಿಕೆಯಲ್ಲಿ ಒಂದು ಜಾಹೀರಾತು ಹಾಕಿದರು. ಜನ ಬಾರದ ತಾರೆಯರಿಗೆ ಸ್ಟುಡಿಯೋಗಳು ರಾಶಿ ದುಡ್ಡು ಸುರಿಯುತ್ತವೆ, ಆ ಚಿತ್ರಗಳನ್ನು ತಂದು ನಮ್ಮ ತಲೆಗೆ ಕಟ್ಟುತ್ತವೆ ಎಂಬುದು ಅವರ ಗೋಳು. ‘ಬಾಕ್ಸ್ ಆಫೀಸ್ ವಿಷ’ ಅಂತ ಹೆಸರಿಟ್ಟು ಪಟ್ಟಿಯನ್ನೇ ಕೊಟ್ಟರು. ಗ್ರೇಟಾ ಗಾರ್ಬೋ, ಜೋನ್ ಕ್ರಾಫರ್ಡ್, ಮಾರ್ಲೀನ್ ಡೀಟ್ರಿಚ್, ಜೊತೆಗೆ ನಮ್ಮ ಕ್ಯಾಥರೀನ್. ಆಕೆಗಾಗ ಮೂವತ್ತೊಂದು ತುಂಬುತ್ತಿತ್ತು.

ಗಾಂಧಿನಗರದ ಮಾತಿನಲ್ಲಿ ಹೇಳುವುದಾದರೆ, ‘‘ಮಾರ್ಕೆಟ್ ಹೋಯ್ತು, ಅವಳ ಕಥೆ ಮುಗೀತು.’’ ಆಕೆ ದುಡ್ಡು ಕಟ್ಟಿ ಸ್ಟುಡಿಯೋದ ಕರಾರಿನಿಂದ ಬಿಡಿಸಿಕೊಂಡಳು. ಇನ್ನೊಂದು ಕಂಪನಿಗೆ ‘ಹಾಲಿಡೇ’ ಎಂಬ ಚಿತ್ರ ಮಾಡಿ, ತೌರಿಗೆ ಬಂದುಬಿಟ್ಟಳು.

ಮನೆಯೂ ತೇಲಿಹೋಯಿತು

ಆ ತೌರೇ ಓಲ್ಡ್ ಸೇಬ್ರೂಕ್ ಪಕ್ಕದ ಫೆನ್ವಿಕ್. ಕನೆಕ್ಟಿಕಟ್ ನದಿ ಸಮುದ್ರ ಸೇರುವ ಜಾಗ. ಎರಡು ದೀಪಸ್ತಂಭಗಳು, ಉಪ್ಪುಗಾಳಿ, ನೀರಿನ ಅಂಚಿನಲ್ಲಿ ದೊಡ್ಡ ದೊಡ್ಡ ಮನೆಗಳು. ಹೆಪ್‌ಬರ್ನ್ ಮನೆ ಈಗ ಬೇರೆಯವರ ಸ್ವತ್ತು, ಒಳಗೆ ಬಿಡುವುದಿಲ್ಲ. ದೂರದಲ್ಲೇ ನಿಂತು ನೋಡಿದೆ.

1938ರ ಸೆಪ್ಟೆಂಬರ್ 21. ಬೆಳಿಗ್ಗೆ ಈಜಿ, ಗಾಲ್ಫ್ ಆಡಿ ಹಾಯಾಗಿದ್ದಳು. ಮಧ್ಯಾಹ್ನ ಗಾಳಿ ಎದ್ದಿತು. ಆ ಕಡಲತೀರ ಹಿಂದೆಂದೂ ಕಂಡಿರದಂಥ ಚಂಡಮಾರುತ! ತಾಯಿಯನ್ನೂ ಉಳಿದವರನ್ನೂ ಕಿಟಕಿಯಿಂದ ಇಳಿಸಿಕೊಂಡು ಎತ್ತರದ ಜಾಗಕ್ಕೆ ಓಡಿದರು. ಹಿಂತಿರುಗಿ ನೋಡಿದರೆ ಮರದ ಮನೆ ಇಡಿಯಾಗಿ ತೇಲಿಕೊಂಡು ಹೋಗುತ್ತಿತ್ತು. ಮರುದಿನ ಮರಳು ಬಗೆದು ತಾಯಿಯ ಬೆಳ್ಳಿ ಸಾಮಾನು ಹುಡುಕಿದರು. ಒಂದು ಫೋಟೋ ಇದೆ: ಸುತ್ತ ಬರೀ ಅವಶೇಷ, ನಡುವೆ ಉಳಿದ ಸ್ನಾನದ ತೊಟ್ಟಿಯಲ್ಲಿ ಕ್ಯಾಥರೀನ್ ಕುಳಿತಿದ್ದಾಳೆ!

ಮೇ ತಿಂಗಳಲ್ಲಿ ಹೆಸರು ಹೋಯಿತು, ಸೆಪ್ಟೆಂಬರಿನಲ್ಲಿ ಮನೆ ಹೋಯಿತು. ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರೋ. ಇವಳು ಅದೇ ಜಾಗದಲ್ಲಿ ನೆಲ ಎತ್ತರಿಸಿ, ಈ ಸಲ ಇಟ್ಟಿಗೆಯಲ್ಲಿ ಕಟ್ಟಿಸಿದಳು. ನಾನು ನೋಡಿದ್ದು ಆ ಮನೆಯನ್ನೇ.

ಹೆಸರನ್ನು ಮತ್ತೆ ಕಟ್ಟುವ ಕೆಲಸವೂ ಇದೇ ಕಡಲತೀರದಲ್ಲಿ ಶುರುವಾಯಿತು. ಫಿಲಿಪ್ ಬ್ಯಾರಿ ಎಂಬ ನಾಟಕಕಾರ ಇಲ್ಲಿಗೆ ಬಂದು ಒಂದು ಕಥೆಯ ಎಳೆ ಹೇಳಿದ. ಶ್ರೀಮಂತರ ಮನೆಯ ಗರ್ವದ ಹೆಣ್ಣು, ಮದುವೆಯ ಹಿಂದಿನ ರಾತ್ರಿ ಅವಳ ಗರ್ವ ಇಳಿದು ಮನುಷ್ಯಳಾಗುತ್ತಾಳೆ. ಅದೇ ‘ದಿ ಫಿಲಡೆಲ್ಫಿಯಾ ಸ್ಟೋರಿ’. ಜನ ಕ್ಯಾಥರೀನಳ ಮೇಲೆ ಹೊರಿಸುತ್ತಿದ್ದ ದೂರೂ ಅದೇ ತಾನೆ, ಗರ್ವ! ಆ ದೂರನ್ನೇ ಪಾತ್ರ ಮಾಡಿಕೊಂಡು ಅದೇ ಜನರ ಮುಂದೆ ನಿಲ್ಲಲು ಆಕೆ ಸಿದ್ಧಳಾದಳು.

ಇನ್ನೊಂದು ಜಾಣತನವನ್ನೂ ಮಾಡಿದಳು. ನಾಟಕದಲ್ಲಿ ಸಂಬಳ ಬೇಡವೆಂದು ಲಾಭದಲ್ಲಿ ಪಾಲು ಕೇಳಿದಳು. ಸಿನಿಮಾ ಹಕ್ಕನ್ನು ಗೆಳೆಯ ಹೋವರ್ಡ್ ಹ್ಯೂಸ್ ಕೊಂಡು ಆಕೆಯ ಕೈಗಿಟ್ಟ. ‘‘ಕೋಟ್ಯಾಧೀಶ ಗೆಳೆಯ ಇದ್ದರೆ ಯಾರು ಬೇಕಾದರೂ ಏಳಬಹುದು ಬಿಡು’’ ಅಂದರು ಭಾವ. ಮಾತೇನೋ ಸರಿ. ಆದರೆ ರಂಗದ ಮೇಲೆ ಬೆಳಕು ಬಿದ್ದಾಗ ಅಲ್ಲಿ ನಿಲ್ಲಬೇಕಾದವಳು ಇವಳೊಬ್ಬಳೇ.

ಈ ಊರ ಮುಖ್ಯ ರಸ್ತೆಯಲ್ಲಿ 1911ರ ಹಳೇ ನಾಟಕಶಾಲೆಯೊಂದಿದೆ. 2009ರಿಂದ ಅದು ಕ್ಯಾಥರೀನ್ ಹೆಪ್‌ಬರ್ನ್ ಹೆಸರಿನ ಕಲಾಕೇಂದ್ರ. ಊರವರ ಬಾಯಲ್ಲಿ ಬರೀ ‘ದಿ ಕೇಟ್’. ಸುಮಾರು 250 ಸೀಟುಗಳ ಪುಟ್ಟ ಶಾಲೆ, ಪಕ್ಕದಲ್ಲಿ ಆಕೆಯ ನೆನಪಿನ ವಸ್ತುಗಳು.

ಎರಡು ಬೀದಿಗಳ ನಡುವೆ

ಮರುದಿನ ಓಲ್ಡ್ ಸೇಬ್ರೂಕಿನಲ್ಲಿ ರೈಲು ಹತ್ತಿ, ನ್ಯೂ ಹೇವನ್ನಿನಲ್ಲಿ ಬದಲಾಯಿಸಿ, ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದೆ. ಒಬ್ಬನೇ. ಕೈಯಲ್ಲಿ ನಕ್ಷೆ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಪೂರ್ವ 49ನೇ ಬೀದಿ. 244ನೇ ನಂಬರಿನ ನಾಲ್ಕಂತಸ್ತಿನ ಮನೆಯಲ್ಲಿ ಆಕೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದಳು. ಪಕ್ಕದ ಮನೆ ಸಂಗೀತಗಾರ ಸ್ಟೀಫನ್ ಸಾಂಡ್‌ಹೈಮ್‌ನದಾಗಿತ್ತು. ಅವನು ನಡುರಾತ್ರಿ ಪಿಯಾನೋ ಬಾರಿಸಿದರೆ ಈಕೆ ಬರಿಗಾಲಲ್ಲಿ ಬಂದು ಗದರುತ್ತಿದ್ದಳಂತೆ. ಈಗ ಬೀದಿಯ ಮೂಲೆಯಲ್ಲಿ ಆಕೆಯ ಹೆಸರಿನ ಫಲಕವಿದೆ.

ಪಶ್ಚಿಮಕ್ಕೆ ನಡೆದು 51ನೇ ಬೀದಿಗೆ ಬಂದೆ. ಮಾರ್ಕ್ ಹೆಲಿಂಜರ್ ನಾಟಕಶಾಲೆಯಲ್ಲಿ 1969ರಲ್ಲಿ ‘ಕೊಕೊ’ ಎಂಬ ಸಂಗೀತ ನಾಟಕ. ಅರವತ್ತೆರಡರ ಈಕೆ ಮೊದಲ ಸಲ ಬ್ರಾಡ್‌ವೇಯಲ್ಲಿ ಹಾಡಿ ಕುಣಿದದ್ದು ಇಲ್ಲೇ. ಎದುರು ಕಟ್ಟಡ ಕಟ್ಟುತ್ತಿದ್ದ ಕೂಲಿಕಾರರ ಹತ್ತಿರ ತಾನೇ ಹೋಗಿ, ತನ್ನ ಹಾಡಿನ ಹೊತ್ತಿಗೆ ಸದ್ದು ನಿಲ್ಲಿಸಿ ಅಂತ ಕೇಳಿಕೊಂಡಳಂತೆ. ಅವರೂ ನಿಲ್ಲಿಸಿದರಂತೆ! ಆ ನಾಟಕಶಾಲೆ 1989ರಿಂದ ಚರ್ಚು. ನಾನು ಹೋದಾಗ ಒಳಗೆ ಪ್ರಾರ್ಥನೆ ನಡೆದಿತ್ತು.

ಇನ್ನು 45ನೇ ಬೀದಿ. ಎಂಟನೇ ಅವೆನ್ಯೂ ದಾಟಿದರೆ ಅಲ್ ಹರ್ಷ್‌ಫೆಲ್ಡ್ ನಾಟಕಶಾಲೆ. 2003ರವರೆಗೆ ಇದರ ಹೆಸರು ಮಾರ್ಟಿನ್ ಬೆಕ್. ‘ದಿ ಲೇಕ್’ ಮುಗ್ಗರಿಸಿದ್ದು, ಆಕೆ ಮಾನ ಕಳೆದುಕೊಂಡದ್ದು ಇಲ್ಲೇ. ಅಲ್ಲಿಂದ ತಿರುಗಿ 44ನೇ ಬೀದಿಗೆ ಬಂದರೆ ಶೂಬರ್ಟ್ ನಾಟಕಶಾಲೆ. ‘ಫಿಲಡೆಲ್ಫಿಯಾ ಸ್ಟೋರಿ’ಗೆ ಪರದೆ ಎದ್ದದ್ದು ಇಲ್ಲಿ, 1939ರ ಮಾರ್ಚ್ 28ರಂದು. ನಾಟಕ ಬೇರೆ ಊರುಗಳಲ್ಲಿ ಚೆನ್ನಾಗಿಯೇ ಓಡಿತ್ತು. ಆದರೂ ನ್ಯೂಯಾರ್ಕ್ ಎಂದರೆ ಎದೆ ನಡುಕ. ಹೋಟೆಲ್ ಕೋಣೆಯ ಪರದೆ ಎಳೆದುಕೊಂಡು, ‘ಇದು ನ್ಯೂಯಾರ್ಕ್ ಅಲ್ಲ, ಇಂಡಿಯಾನಾಪೊಲಿಸ್’ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾ ಕೂತಿದ್ದಳಂತೆ.

ಆ ನಾಟಕ 417 ಪ್ರದರ್ಶನ ಕಂಡಿತು! ಎಂ.ಜಿ.ಎಂ. ಸ್ಟುಡಿಯೋ ಹಕ್ಕು ಕೇಳಿಕೊಂಡು ಬಂತು. ಹಕ್ಕು ಯಾರ ಕೈಲಿ? ‘ವಿಷ’ದ ಕೈಲಿ! ನಾಯಕಿ ನಾನೇ, ನಿರ್ದೇಶಕ ಜಾರ್ಜ್ ಕ್ಯೂಕರ್, ಜೊತೆಗೆ ಇಬ್ಬರು ದೊಡ್ಡ ನಟರು ಬೇಕು ಅಂತ ಷರತ್ತು ಹಾಕಿಯೇ ಕೊಟ್ಟಳು. ಕ್ಯಾರಿ ಗ್ರಾಂಟ್, ಜೇಮ್ಸ್ ಸ್ಟೂವರ್ಟ್ ಬಂದರು. 1940ರ ಆ ಚಿತ್ರ ಭರ್ಜರಿಯಾಗಿ ಓಡಿ, ಸ್ಟೂವರ್ಟ್‌ಗೆ ಆಸ್ಕರ್ ತಂದುಕೊಟ್ಟಿತು.

ಮುಂದಿನದೆಲ್ಲ ನಿಮಗೂ ಗೊತ್ತಿರುವುದೇ. 1942ರಿಂದ ಸ್ಪೆನ್ಸರ್ ಟ್ರೇಸಿ ಜೊತೆ ಒಂಬತ್ತು ಚಿತ್ರ, ಮದುವೆಯಿಲ್ಲದ ಒಡನಾಟ. 1951ರಲ್ಲಿ ಬೊಗಾರ್ಟ್ ಜೊತೆ ಆಫ್ರಿಕಾದ ಕಾಡಿನಲ್ಲಿ ‘ಆಫ್ರಿಕನ್ ಕ್ವೀನ್’. ವಿಸ್ಕಿ ಕುಡಿದವರು ಗಟ್ಟಿಯಾಗಿದ್ದರು, ನೀರು ಕುಡಿದ ಈಕೆ ಕಾಯಿಲೆ ಬಿದ್ದಳು. 1967ರಲ್ಲಿ ‘ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್’ ಚಿತ್ರೀಕರಣ ಮುಗಿದ 17 ದಿನಕ್ಕೆ ಟ್ರೇಸಿ ತೀರಿಕೊಂಡ. ಆ ಚಿತ್ರಕ್ಕೆ ಆಸ್ಕರ್ ಬಂದರೂ ಚಿತ್ರವನ್ನು ಮಾತ್ರ ಆಕೆ ಕೊನೆವರೆಗೂ ಪೂರ್ತಿ ನೋಡಲಿಲ್ಲ. ಮರುವರ್ಷದ ‘ದಿ ಲಯನ್ ಇನ್ ವಿಂಟರ್’ಗೆ ಮತ್ತೊಂದು, 1981ರ ‘ಆನ್ ಗೋಲ್ಡನ್ ಪಾಂಡ್’ಗೆ ನಾಲ್ಕನೆಯದು. ಒಂದನ್ನೂ ಪಡೆಯಲು ಸಮಾರಂಭಕ್ಕೆ ಹೋಗಲಿಲ್ಲ!

2003ರ ಜೂನ್ 29ರಂದು, ತೊಂಬತ್ತಾರರ ವಯಸ್ಸಿನಲ್ಲಿ, ಫೆನ್ವಿಕ್‌ನ ಅದೇ ಇಟ್ಟಿಗೆ ಮನೆಯಲ್ಲಿ ತೀರಿಕೊಂಡಳು. ಬ್ರಾಡ್‌ವೇ ತನ್ನ ದೀಪಗಳನ್ನು ಮಂಕು ಮಾಡಿ ಗೌರವ ಸಲ್ಲಿಸಿತು.

ನಾನು ಮತ್ತೆ ಆ ಹಳೇ ಮಾರ್ಟಿನ್ ಬೆಕ್ ಮುಂದೆ ಹೋಗಿ ನಿಂತೆ. ಗಡಿಯಾರ ನೋಡಿಕೊಂಡು ಶೂಬರ್ಟ್ ಕಡೆ ನಡೆದೆ. ಐದು ನಿಮಿಷವೂ ಆಗಲಿಲ್ಲ. ಇಷ್ಟು ದಾರಿ ನಡೆಯಲು ಆಕೆಗೆ ಐದು ವರ್ಷ ಹಿಡಿದಿತ್ತು.

ಪಿಯುಸಿಗೇ ಓದು ಬಿಟ್ಟಾಗ ‘‘ಇವನ ಕಥೆ ಮುಗೀತು’’ ಅಂತ ಊರಲ್ಲಿ ಅನ್ನಿಸಿಕೊಂಡವನು ನಾನು. ನಿಮ್ಮಲ್ಲೂ ಅಂಥವರಿರಬಹುದು. ಶೂಬರ್ಟ್ ಬಾಗಿಲಲ್ಲಿ ಸಂಜೆ ಆಟಕ್ಕೆ ಜನ ಸಾಲುಗಟ್ಟಿದ್ದರು. ಟಿಕೆಟ್ ಬೆಲೆ ಕೇಳಿ ಜೇಬು ಮುಟ್ಟಿ ನೋಡಿಕೊಂಡೆ. ಒಳಗೆ ಹೋಗುವ ಯೋಗ ಇರಲಿಲ್ಲ. ಜನರೆಲ್ಲ ಒಳಗೆ ಹೋಗಿ ಬಾಗಿಲು ಮುಚ್ಚುವವರೆಗೂ ಎದುರಿನ ಫುಟ್‌ಪಾತಿನಲ್ಲಿ ನಿಂತಿದ್ದು, ಆಮೇಲೆ ರೈಲಿಗೆ ಹೊರಟೆ.