ಲಾಭ-ನಷ್ಟದ ಲೆಕ್ಕ

ಕಳೆದ ವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಕುಶಲಕರ್ಮಿಗಳು ಎರಡು ದಿನಗಳ ಮಟ್ಟಿಗೆ ಮಳಿಗೆ ತೆರೆದಿದ್ದರು. ಮೊಮ್ಮಗಳಿಗೆಂದು ಚನ್ನಪಟ್ಟಣದ ಗಿಲಕಿಯೊಂದನ್ನು ಆರಿಸಿದೆ. ಬೆಲೆ 200 ರೂಪಾಯಿ. "120ಕ್ಕೆ ಕೊಡಪ್ಪ" ಎಂದು ಚೌಕಾಸಿಗಿಳಿದೆ.

ಆತ ನಸುನಕ್ಕು, "ಮೇಷ್ಟ್ರೇ, ಅಸಲಿಗೆ ಕೂಲಿಯನ್ನೂ ಸೇರಿಸಬೇಕೆಂದು ಏಳನೆಯ ತರಗತಿಯಲ್ಲಿ ಕಲಿಸಿದವರು ತಾವೇ ಅಲ್ಲವೇ?" ಎಂದ. ನನ್ನ ಹಳೆಯ ವಿದ್ಯಾರ್ಥಿ! ಹಾಲೆ ಮರವನ್ನು ಒಣಗಿಸಿ, ಲೇತಿನಲ್ಲಿ ಕಡೆದು, ಉಜ್ಜುವಿಕೆಯ ಕಾವಿಗೆ ಕರಗುವ ಅರಗಿನ ಬಣ್ಣವನ್ನು ಹಚ್ಚಿ, ಕೇದಗೆಯ ಗರಿಯಿಂದ ಮೆರುಗು ಕೊಡುವ ಬಗೆಯನ್ನು ವಿವರಿಸಿದ. ಕೊನೆಗೆ, ಗುರುದಕ್ಷಿಣೆಯೆಂದುಕೊಳ್ಳಿ, ಹಣವೇ ಬೇಡ ಎಂದ.

ಒತ್ತಾಯದಿಂದ ಪೂರ್ತಿ ಬೆಲೆಯನ್ನು ಕೊಟ್ಟು ಬಂದೆ. ಕರಿಹಲಗೆಯ ಮೇಲೆ ನಾನು ಬರೆದುದನ್ನು ಅವನು ನೆನಪಿಟ್ಟಿದ್ದ, ಮರೆತವನು ನಾನು.