ಏನೂ ಇಲ್ಲದ ಜೋಡು

ಅಗಲವಾದ ಪಾದ ನೋಡಬೇಕೆಂದರೆ ನಮ್ಮ ಹೊಂಗನೂರಿನಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಎಪ್ಪತ್ತು ದಾಟಿದ ಯಾವ ರೈತರಾದರೂ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರೆ ಸಾಕು. ಹೆಬ್ಬೆರಳು ಪಕ್ಕದ ಬೆರಳಿನ ಸಹವಾಸವೇ ಬೇಡವೆಂದು ದೂರ ಸರಿದಿರುತ್ತದೆ, ಉಳಿದ ನಾಲ್ಕೂ ಹರಡಿಕೊಂಡಿರುತ್ತವೆ, ಹಿಮ್ಮಡಿಯ ಬಿರುಕಿನಲ್ಲಿ ಹೊಲದ ಕೆಮ್ಮಣ್ಣು ಕಾಯಂ ಆಗಿ ನೆಲೆಸಿರುತ್ತದೆ. ಆ ಪಾದಕ್ಕೆ ಚನ್ನಪಟ್ಟಣದ ಪೇಟೆಯಲ್ಲಿ ಶೂ ಹುಡುಕಿದರೆ ಉದ್ದಕ್ಕೆ ಸರಿಹೋದದ್ದು ಅಗಲಕ್ಕೆ ಒಗ್ಗುವುದಿಲ್ಲ. ಇಂಥ ಪಾದ ಬೇಕೆಂದೇ ಈಗ ಓಡುವವರ ಒಂದು ಪಂಗಡ ಸಾವಿರಾರು ರೂಪಾಯಿ ಸುರಿಯುತ್ತಿದೆ. ಆ ಪಂಗಡಕ್ಕೆ ನಾನೂ ಸೇರಿದ್ದೇನೆ.

ಬೇರ್‌ಫುಟ್ ಶೂ ಎಂದು ಮಾರುತ್ತಾರೆ. ಮಾಮೂಲಿ ಓಟದ ಶೂನಲ್ಲಿ ಹಿಮ್ಮಡಿ ಮುಂಗಾಲಿಗಿಂತ ಸುಮಾರು 10 ಮಿಲಿಮೀಟರ್ ಎತ್ತರದಲ್ಲಿ ಕೂರುತ್ತದೆ. ಇದರಲ್ಲಿ ಎರಡೂ ಒಂದೇ ಮಟ್ಟ. ಅಟ್ಟೆ ತೆಳು, ಒಳಗೆ ಮೆತ್ತೆ ಇಲ್ಲ, ಮುಂದುಗಡೆ ಬೆರಳು ಹರಡುವಷ್ಟು ಜಾಗ. ದೊಡ್ಡಪ್ಪ ಅದನ್ನು ಕೈಗೆತ್ತಿಕೊಂಡು ತೂಗಿ ನೋಡಿದರು, ಹಿಮ್ಮಡಿಯನ್ನು ಮೂತಿಗೆ ಮುಟ್ಟಿಸಿ ರಾಗಿ ರೊಟ್ಟಿಯ ಹಾಗೆ ಮಡಚಿದರು, ಒಳಗೆ ಕೈ ಬಿಟ್ಟು ತಡಕಿದರು.

“ಇದ್ರೊಳಗೆ ಏನೂ ಇಲ್ವಲ್ಲೋ ಮಗಾ!”

“ಏನೂ ಇಲ್ಲ ಅಂತ್ಲೇ ಅಷ್ಟು ರೇಟು, ದೊಡ್ಡಪ್ಪ.”

“ಹಂಗಾದ್ರೆ ನನ್ ಕಾಲಿಗೆ ಎಷ್ಟು ಕೊಡ್ತಾರೆ ಕೇಳು.”

ಅವರ ಪ್ರಾಯದಲ್ಲಿ ಹೊಲಕ್ಕೆ, ಸಂತೆಗೆ ಟೈರ್ ಎಕ್ಕಡ. ಸವೆದ ಲಾರಿ ಟೈರನ್ನು ಪಾದದ ಅಳತೆಗೆ ಕೊಯ್ದು ಮೇಲೊಂದು ಪಟ್ಟಿ ಬಡಿದರೆ ಆಯಿತು, ವರ್ಷಗಟ್ಟಲೆ ಚಿಂತೆಯಿಲ್ಲ. ಮೆಕ್ಸಿಕೊದ ಗುಡ್ಡಗಾಡಿನ ತಾರಾಹುಮಾರ ಜನರೂ ಟೈರಿನ ಅಟ್ಟೆಗೆ ತೊಗಲಿನ ದಾರ ಕಟ್ಟಿಕೊಂಡೇ ಹಗಲು ರಾತ್ರಿ ಓಡುವವರು. 2009ರಲ್ಲಿ ಈ ಜನರ ಮೇಲೆಯೇ ಕ್ರಿಸ್ಟೊಫರ್ ಮೆಕ್‌ಡೂಗಲ್ ‘ಬಾರ್ನ್ ಟು ರನ್’ ಪುಸ್ತಕ ಬರೆದರು. ಮೆತ್ತೆಯ ಶೂ ಬಿಸಾಡುವ ಗೀಳು ಊರೂರಿಗೆ ಹಬ್ಬಿದ್ದು ಅಲ್ಲಿಂದ. ಮರುವರ್ಷ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಅದಕ್ಕೆ ಶಾಸ್ತ್ರದ ಬಲ ಕೊಟ್ಟಿತು: ಬರಿಗಾಲಲ್ಲೇ ಓಡಿ ಬೆಳೆದವರು ಬಹುಪಾಲು ಮುಂಗಾಲೂರಿ ಇಳಿಯುತ್ತಾರೆ, ಶೂ ತೊಟ್ಟವರು ಹಿಮ್ಮಡಿ ಕುಕ್ಕುತ್ತಾರೆ.

ಈ ಪಂಗಡದವರು ಮಾತೆತ್ತಿದರೆ ಅಬೆಬೆ ಬಿಕಿಲನ ಹೆಸರು ಹೇಳುತ್ತಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಈತ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದದ್ದು ನಿಜ. ನಾಲ್ಕು ವರ್ಷದ ಮೇಲೆ ಟೋಕಿಯೊದಲ್ಲಿ ಶೂ ತೊಟ್ಟೂ ಗೆದ್ದ. ಆ ಅರ್ಧವನ್ನು ಯಾಕೋ ನುಂಗಿಬಿಡುತ್ತಾರೆ. ಐದು ಬೆರಳಿಗೂ ಬೇರೆ ಬೇರೆ ಗೂಡು ಹೊಲಿದ ಶೂ ಮಾಡುವ ವೈಬ್ರಮ್ ಕಂಪನಿ, ತಾನು ಹೇಳಿಕೊಂಡ ಆರೋಗ್ಯದ ಲಾಭಗಳಿಗೆ ಆಧಾರ ಸಾಲದೆಂಬ ದಾವೆಯನ್ನು 2014ರಲ್ಲಿ 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅದರ ಹಿಂದಿನ ವರ್ಷ ಅಮೆರಿಕದಲ್ಲಿ ಒಂದು ಅಧ್ಯಯನ ಬಂದಿತ್ತು: ಹತ್ತು ವಾರಗಳಲ್ಲಿ ಈ ಶೂಗೆ ಬದಲಾದ 19 ಓಟಗಾರರಲ್ಲಿ 10 ಮಂದಿಯ ಪಾದದ ಮೂಳೆಯೊಳಗೆ ಬಾವು. ಎಲ್ಲರೂ ಓಡಿ ಪಳಗಿದವರೇ. ಕಾರಣ ಊಹಿಸುವುದು ಕಷ್ಟವಲ್ಲ. ಹಿಮ್ಮಡಿ ಹೊರುತ್ತಿದ್ದ ಪೆಟ್ಟು ಮುಂಗಾಲಿಗೆ, ಮೀನಖಂಡಕ್ಕೆ ವರ್ಗವಾಗುತ್ತದೆ. ಸ್ನಾಯು ಬೇಗ ಕಲಿಯುತ್ತದೆ, ಮೂಳೆ ನಿಧಾನ. ಅದಕ್ಕೇ ನಾನು ಮೊದಲು ಮನೆಯಲ್ಲಿ, ಆಮೇಲೆ ಅಂಗಡಿಗೆ, ಅದಾದ ಮೇಲೆ ಕೆರೆ ಏರಿಯ ಮೇಲೆ ನಡೆದು, ಓಟವನ್ನು ಬಹಳ ತಡವಾಗಿ ಶುರು ಮಾಡಿದ್ದು. ಆದರೂ ಬೆಳಗ್ಗೆ ಹಾಸಿಗೆಯಿಂದ ಎದ್ದರೆ ಮೀನಖಂಡ ಹಿಡಿದುಕೊಂಡಿರುತ್ತಿತ್ತು.

ಇಷ್ಟೆಲ್ಲ ಓದಿದ್ದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಮಾತ್ರ ನಮ್ಮ ಕರ್ನಾಟಕದ್ದೇ ಕೆಲಸ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರಾದ ರಾವ್ ಮತ್ತು ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಯಚ್ಚು ತೆಗೆದು 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಯದು ಚಪ್ಪಟೆ ಪಾದ, ಹಾಕದವರಲ್ಲಿ ಶೇ 2.8. ಬೆರಳು ಮುಚ್ಚುವ ಶೂ ತೊಟ್ಟವರಲ್ಲಿ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ, ಬರಿಗಾಲಿನವರಲ್ಲಿ ಎಲ್ಲರಿಗಿಂತ ಕಡಿಮೆ. ಹೆಜ್ಜೆಯ ನಡುವಿನ ಕಮಾನು ಮಣ್ಣು ತುಳಿದು ಏಳುತ್ತದೆ ಎಂದು ನಾನು ಅರ್ಥ ಮಾಡಿಕೊಂಡೆ.

ಹಾಗೆಂದು 2015–16ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಡುತ್ತಿರುವ ಕಪ್ಪು ಶೂ, ಸಾಕ್ಸು ಬೇಡವೆನ್ನುವ ಧೈರ್ಯ ನನಗಿಲ್ಲ. ಶೂ ಸಿಕ್ಕ ದಿನ ಮಕ್ಕಳು ನಡೆಯುವ ಠೀವಿ ನೋಡಿದ್ದೇನೆ. ಕೊಕ್ಕೆಹುಳು ಹೊಗುವುದೂ ಬರಿಗಾಲಿನಿಂದಲೇ. ಅದಕ್ಕಿಂತ ಹೆಚ್ಚಾಗಿ, ನಮ್ಮ ಸೀಮೆಯ ಹಳ್ಳಿಗಳಲ್ಲಿ ದಲಿತರು ಮೇಲ್ಜಾತಿಯವರ ಬೀದಿಗೆ ಬಂದೊಡನೆ ಎಕ್ಕಡ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಆ ಎಕ್ಕಡ ಹೊಲಿದವರೂ ಅವರೇ. ಹಾಗೆ ನಡೆದವರ ಮೊಮ್ಮಗನಿಗೆ ನಾನು ಬರಿಗಾಲಿನ ಮಹಿಮೆ ಹೇಳಲು ಹೋದರೆ ಅವನು ನಕ್ಕರೂ ಸರಿ, ಬೈದರೂ ಸರಿ. ಶೂ ಬಿಡುವ ಶೋಕಿ ಶೂ ಇದ್ದವನಿಗೆ.

ಹರಕೆಯ ಬರಿಗಾಲು ಬೇರೆ. ಶಿವರಾತ್ರಿಗೆ ಕನಕಪುರದ ಕಡೆಯಿಂದ ಹೊರಟು, ಸಂಗಮದ ಬಳಿ ಕಾವೇರಿ ದಾಟಿ, ಕಾಡುದಾರಿಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆಯುವ ಜನ ಪಾದದ ಕಮಾನಿನ ಚರ್ಚೆ ಮಾಡುವುದಿಲ್ಲ. ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ಉಘೇ ಎನ್ನುತ್ತಾರೆ.

ನೆಲವೂ ಮೊದಲಿನದಲ್ಲ. ಏರಿಯ ಮಣ್ಣು, ರಾಗಿ ಹೊಲದ ಬದು, ಮಾವಿನ ತೋಪಿನ ತರಗು ಈ ಶೂಗೆ ಹಬ್ಬ. ಅಂಗಾಲಿಗೆ ಒದ್ದೆ ಎಲ್ಲಿ, ಒಣಗಿದ್ದು ಎಲ್ಲಿ ಎಂದು ಗೊತ್ತಾಗುತ್ತದೆ. ಕಾಂಕ್ರೀಟ್ ರಸ್ತೆ ಬಂತೆಂದರೆ ಒಂದೊಂದು ಹೆಜ್ಜೆಯೂ ಮಂಡಿಗೆ ವರದಿ ಒಪ್ಪಿಸುತ್ತದೆ. ಬಾಟಲಿ ಚೂರು, ಬಳ್ಳಾರಿ ಜಾಲಿ ಮುಳ್ಳು ಅಟ್ಟೆಗೆ ಮರ್ಯಾದೆ ಕೊಡುವುದಿಲ್ಲ. ನೆಗ್ಗಿಲು ಮುಳ್ಳು ಮಾತ್ರ ಒಳಗೆ ಇಳಿಯಲಾರದೆ ಅಟ್ಟೆಗೆ ಕಚ್ಚಿಕೊಂಡು ಮನೆಗೆ ಬರುತ್ತದೆ. ದೊಡ್ಡಪ್ಪನ ಉಡಿದಾರದಲ್ಲಿ ಇನ್ನೂ ಚಿಮುಟ ತೂಗುತ್ತಿದೆ. ಅದನ್ನು ಬಿಚ್ಚಿ ಕೊಡುವಾಗ ಅವರ ಮುಖ ನೋಡಬೇಕು.

ಆದ್ದರಿಂದ ಮಣ್ಣಿಗೆ ಇದು, ಡಾಂಬರಿನ ದೂರದ ಓಟಕ್ಕೆ ಹಳೇ ಮೆತ್ತೆಯದು ಎಂದು ಇಟ್ಟುಕೊಂಡಿದ್ದೇನೆ. ಪಂಗಡದ ಕಟ್ಟಾಳುಗಳಿಗೆ ಇದು ಒಪ್ಪಿಗೆಯಾಗದು, ಇರಲಿ.

ಮೊನ್ನೆ ಓಟ ಮುಗಿಸಿ ತಮ್ಮನ ರೇಷ್ಮೆ ಹುಳು ಮನೆ ಕಡೆ ಹೋದೆ. ಮೂರನೇ ಜ್ವರ ಎದ್ದ ಹುಳು, ಸೊಪ್ಪು ಮೇಯುವ ಸದ್ದು ಮಳೆ ಹನಿಯುತ್ತಿದೆಯೇನೋ ಅನ್ನಿಸುವಷ್ಟು. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ. ಹೊರಗಿನ ಧೂಳು ಒಳಗೆ ಬಂದರೆ ಹಾಲು ರೋಗವೋ ಸುಣ್ಣಕಟ್ಟೋ ಬಂದು ಬೆಳೆಯೇ ಹೋದೀತೆಂಬ ಭಯ. ಇದು ಬರಿಗಾಲಿಗೆ ಸಮ, ಹೆಚ್ಚೂಕಡಿಮೆ ಏನೂ ಇಲ್ಲದ ಶೂ ಎಂದು ನಾನು ಹೊಸ್ತಿಲಲ್ಲಿ ವಿವರಿಸಲು ಶುರು ಮಾಡಿದೆ. ಸೊಪ್ಪಿನ ಬುಟ್ಟಿ ಹಿಡಿದಿದ್ದ ತಮ್ಮನ ಹೆಂಡತಿ ತಲೆ ಎತ್ತದೆ ಹೇಳಿದಳು: “ಏನೂ ಇಲ್ದಿದ್ದನ್ನೂ ಆಚೆಗೇ ಬುಡಿ ಭಾವ.”